ಶಂಕ್ರವ್ವ ಕಟ್ಟಿದ ಎಂಜಿನ್

ಲೋಕದಿಂದ ಕರೆಂಟು ಮಾಯವಾಗಿ ಹನ್ನೆರಡು ವರ್ಷವಾಗಿತ್ತು. ಮೋಟರು ತಿರುಗುತ್ತಿರಲಿಲ್ಲ, ಊರಲ್ಲಿ ಯಂತ್ರದ ಸದ್ದೇ ಇರಲಿಲ್ಲ, ಮೋಡದಲ್ಲಿ ಮಿಂಚೂ ಹೊಳೆಯುತ್ತಿರಲಿಲ್ಲ. ಹಾಗಾಗಿ ಶಂಕ್ರವ್ವ ಕಿಡಿಯ ಹಂಗಿಲ್ಲದ ಡೀಸೆಲ್ ಎಂಜಿನ್ನೊಂದನ್ನು ತಾನೇ ಕಟ್ಟಿದ್ದಳು. ಪಿಸ್ಟನ್ನು ಗುಜರಿ ಟ್ರ್ಯಾಕ್ಟರಿನದು, ಭಾರದ ಚಕ್ರ ಕಬ್ಬಿನ ಗಾಣದ್ದು, ಕುಡಿಯಲು ಹೊಂಗೆಎಣ್ಣೆ. ಆದರೆ ಅದು ಇನ್ನೂ ಒಮ್ಮೆಯೂ ಶುರುವಾಗಿರಲಿಲ್ಲ.

ಇವತ್ತು ಬಾವಿ ತೋಡುವಾಗ ಸೆಲೆ ಒಡೆದು ನೀರು ನುಗ್ಗಿ, ಅವಳ ಅಣ್ಣ ಈರಪ್ಪನ ಕಾಲು ಉರುಳಿದ ಬಂಡೆಯಡಿ ಸಿಕ್ಕಿಬಿದ್ದಿತ್ತು. ಊರವರು ಎಂಜಿನ್ನನ್ನು ಬಂಡಿಯಲ್ಲಿ ತಂದು, ಬಾವಿಯ ಪಕ್ಕ ಇಳಿಸಿ, ನೀರೆತ್ತುವ ಹಳೆಯ ಪಂಪಿಗೆ ಬೆಲ್ಟು ಹಾಕಿದರು.

"ನೀರು ಎದಿಮಟ ಬಂತು, ತಂಗೀ!" ಎಂದು ಈರಪ್ಪ ಕೆಳಗಿನಿಂದ ಕೂಗಿದ.

ಇಬ್ಬರು ಹ್ಯಾಂಡಲ್ ತಿರುಗಿಸಿದರು. ಎಂಜಿನ್ ಬುಸ್ಸೆಂದು ಸುಮ್ಮನಾಯಿತು. ಪಿಸ್ಟನ್ನಿನ ಸವೆದ ರಿಂಗುಗಳ ಸಂದಿಯಲ್ಲಿ ಗಾಳಿ ಸೋರುತ್ತಿದೆಯೆಂದು ಶಂಕ್ರವ್ವನಿಗೆ ಗೊತ್ತಾಯಿತು. ಸಂದಿ ಮುಚ್ಚಲೆಂದು ಗಾಳಿ ಎಳೆಯುವ ಬಾಯಿಗೆ ಎರಡು ಚಮಚ ಎಣ್ಣೆ ಸುರಿದು, ಒಳಹೋಗುವ ಗಾಳಿ ಕಾಯಲೆಂದು ಅಲ್ಲೇ ಉರಿಯುವ ಬಟ್ಟೆ ಹಿಡಿದಳು. ಬೆರಳು ಸುಟ್ಟರೂ ಕೈ ತೆಗೆಯಲಿಲ್ಲ.

"ಗದ್ದಕ್ಕ ಬಂತು..." ಈರಪ್ಪನ ದನಿ ಸಣ್ಣಗಾಗಿತ್ತು.

"ತಿರುಗಸ್ರೀ! ಬಿಡಬ್ಯಾಡ್ರಿ!" ಎಂದು ಶಂಕ್ರವ್ವ ಚೀರಿದಳು.

ಢಗ್ ಎಂದಿತು. ಮತ್ತೊಮ್ಮೆ ಢಗ್. ಆಮೇಲೆ ಕಾಲಡಿಯ ನೆಲವೇ ನಡುಗುವಂತೆ ಎಂಜಿನ್ ಓಡತೊಡಗಿತು, ಪೈಪಿನಿಂದ ಕೆಸರುನೀರು ನುಗ್ಗಿತು. ನೀರು ಇಳಿದ ಮೇಲೆ ನಾಲ್ವರು ಹಗ್ಗ ಹಿಡಿದಿಳಿದು, ಬಂಡೆ ಸರಿಸಿ, ಈರಪ್ಪನನ್ನು ಮೇಲೆತ್ತಿದರು. ಅವನು ತಂಗಿಯ ಸುಟ್ಟ ಬೆರಳುಗಳನ್ನು ನೋಡಿ ಮಗುವಿನಂತೆ ಅತ್ತ.

ಶಂಕ್ರವ್ವ ಎಂಜಿನ್ ನಿಲ್ಲಿಸಲು ಹೋದಾಗ ಮುದುಕಿ ಹೊಳಿಯವ್ವ ಅವಳ ರಟ್ಟೆ ಹಿಡಿದಳು.

"ಇರಲಿ ಬಿಡವ್ವಾ," ಎಂದಳು. "ಇನ್ನಷ್ಟು ಹೊತ್ತು ಈ ಸದ್ದು ಕೇಳೂಣು."