ಎಡಗಾಲಿನ ಬೋಲ್ಟು

ಮಳೆ ಹಿಂದೆಗೆದು ಗಾಳಿ ಒಣಗಿತ್ತು. ಬಣ್ಣದ ಕೆಲಸಕ್ಕೆ ಹೇಳಿ ಮಾಡಿಸಿದಂಥ ದಿನಗಳು. ಅಕ್ಕ ಬೆಳಗಿನಿಂದ ಯಾರದೋ ಹಳೆಯ ಸೈಕಲ್ ಫೋರ್ಕೊಂದಕ್ಕೆ ಎಮರಿ ಪೇಪರು ತಿಕ್ಕುತ್ತಿದ್ದಳು. ತಿಕ್ಕುವುದು, ಬೆರಳಾಡಿಸಿ ನೋಡುವುದು, ಮತ್ತೆ ತಿಕ್ಕುವುದು. ತಮ್ಮ ಸತ್ತ ಮೇಲೆ ಅವಳ ಕೈ ಹೀಗೆ ತನ್ನಷ್ಟಕ್ಕೆ ನಡೆಯುತ್ತಿತ್ತು, ತಲೆ ಜೊತೆಗಿರುತ್ತಿರಲಿಲ್ಲ.

ತಮ್ಮನ ಹೆಂಡತಿ ಒಳಗೆ ಬಂದು ಮೇಜಿನ ಮೇಲೆ ಗೋಣಿಚೀಲವೊಂದನ್ನು ಇಟ್ಟಳು. ಚೀಲದೊಳಗೆ ಲೋಹ ಸದ್ದು ಮಾಡಿತು. ಆಗ ಅಕ್ಕನ ಕೈ ನಿಂತಿತು.

"ಅವರ ಸೈಕಲ್‌ದು. ಫೋರ್ಕ್ ಬಿಚ್ಚಿಸಿ ತಂದೆ," ಎಂದಳು. "ನೋಡಿ ಹೇಳಿ, ಅತ್ತಿಗೆ."

ಗುಡ್ಡ ಹತ್ತಿಳಿಯುವ ಸೈಕಲ್ಲುಗಳ ಮುಂಗಾಲೇ ಫೋರ್ಕು. ಎರಡು ಕಾಲು, ಒಳಗೆ ರಬ್ಬರಿನ ತುಂಡುಗಳು. ಕಲ್ಲು ಸಿಕ್ಕರೆ ಕುಗ್ಗುತ್ತದೆ, ದಾಟಿದ ಮೇಲೆ ಏಳುತ್ತದೆ. ಕಂಪನಿಗಳು ಮಾಡುವುದನ್ನೇ ಬಿಟ್ಟ ಹಳೆಯ ಫೋರ್ಕುಗಳನ್ನು ಜನ ದೂರದೂರದಿಂದ ಅಕ್ಕನಿಗೆ ಕಳಿಸುತ್ತಿದ್ದರು. ಅವಳು ಬಿಚ್ಚಿ, ತೊಳೆದು, ರಬ್ಬರು ಬದಲಿಸಿ, ಬಣ್ಣ ಕೆರೆದು ಹೊಸದು ಹಚ್ಚಿ ಕೊಡುತ್ತಿದ್ದಳು. ಮೊಣಕಾಲು ಡಾಕ್ಟರು ಎಂದು ಅವಳಿಗೆ ಹೆಸರಿಟ್ಟವನು ತಮ್ಮನೇ.

ಅವಳದೊಂದು ಪದ್ಧತಿಯಿತ್ತು. ಕಾಲಿನ ಬುಡದ ಬೋಲ್ಟನ್ನು ಬಿಗಿ ಮಾಡಿದ ಮೇಲೆ, ಬೋಲ್ಟಿನ ತಲೆಯಿಂದ ಕಾಲಿನವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ. ಬೋಲ್ಟು ಒಂದು ಎಳ್ಳಿನಷ್ಟು ಸಡಿಲವಾದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. "ನಿನ್ನ ಮದುವೆಗೂ ಒಂದು ಗೆರೆ ಎಳ್ಕೊಂಡಿದ್ರೆ ಮೊದ್ಲೇ ಗೊತ್ತಾಗ್ತಿತ್ತಲ್ಲೇ ಅಕ್ಕ," ಎಂದು ತಮ್ಮ ಎಲ್ಲರೆದುರೇ ಛೇಡಿಸುತ್ತಿದ್ದ. ಗಂಡನನ್ನು ಬಿಟ್ಟು ಬಂದಿದ್ದ ಅಕ್ಕ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಅವನ ಫೋರ್ಕನ್ನು ಮಳೆಗಾಲಕ್ಕೆ ಮುಂಚೆ ಅವಳೇ ಹೊಸದು ಮಾಡಿಕೊಟ್ಟಿದ್ದಳು. ಹುಡುಗನಾಗಿದ್ದಾಗಿನಿಂದ ಇಳಿದ ದಾರಿ. ಕಲ್ಲುಗಣಿಯ ಮೇಲಿನ ತಿರುವಿನಲ್ಲಿ ಸೈಕಲ್ಲು ತಿರುಗದೆ ನೆಟ್ಟಗೆ ಗಣಿಯೊಳಕ್ಕೆ ಹೋಗಿತ್ತು. ಫೋರ್ಕು ಕೈಕೊಟ್ಟಿರಬೇಕು ಎಂದು ಜನ ಆಡಿಕೊಂಡರು. ಕೆಲವರು ಅವಳ ಮುಖ ನೋಡಿಕೊಂಡೇ ಹೇಳಿದರು.

ತಮ್ಮನ ಹೆಂಡತಿಯ ಕೆನ್ನೆ ಒಳಗೆ ಹೋಗಿತ್ತು. ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲವೆಂದೂ, ಮಗಳು ಕೂಗಿದರೂ ಕೇಳಿಸುವುದಿಲ್ಲವೆಂದೂ ಪಕ್ಕದ ಮನೆಯವರು ಹೇಳಿದ್ದರು. ಅವನು ಸತ್ತ ದಿನ ಬೆಳಿಗ್ಗೆ ಗಂಡ ಹೆಂಡಿರಿಗೆ ಜಗಳವಾಗಿತ್ತು. ಹೋದರೆ ಹೋಗಿ, ತಿರುಗಿ ಬರಬೇಡಿ ಎಂದಿದ್ದಳು. ಯಾವ ಮನೆಯಲ್ಲಿ ಆಡದ ಮಾತು ಅದು? ಆದರೆ ಅವನು ಬರಲಿಲ್ಲ.

"ಫೋರ್ಕ್ ಕೆಟ್ಟಿದ್ರೆ ಸರಿ. ಚೆನ್ನಾಗೇ ಇದ್ರೆ, ಅವರು ಬೇಕಂತ್ಲೇ..." ಅವಳು ಮುಂದಿನದನ್ನು ನುಂಗಿಕೊಂಡಳು. "ನಿಜ ಹೇಳ್ಬೇಕು. ನಿಮ್ಮ ಹೆಸರು ಉಳಿಸ್ಕೊಳ್ಳೋಕೆ ಏನೋ ಒಂದು ಹೇಳ್ಬೇಡಿ."

"ಇಲ್ಲ. ಅದಕ್ಕಾಗಿ ಹೇಳಲ್ಲ."

ಮಗಳನ್ನು ಶಾಲೆಯಿಂದ ಕರೆದುಕೊಂಡು ಬಾ, ಅಷ್ಟರಲ್ಲಿ ನೋಡಿರುತ್ತೇನೆ ಎಂದು ಅಕ್ಕ ಅವಳನ್ನು ಕಳಿಸಿದಳು.

ಫೋರ್ಕಿನ ಕಾಲುಗಳ ಬುಡದ ಕುಳಿಗಳಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಬ್ರಷ್ಷಿನಿಂದ ಕೆರೆದಳು. ಬಲಗಾಲು. ಎಡಗಾಲು. ದೀಪ ಹತ್ತಿರ ತಂದು ನೋಡಿದಳು. ಬಾಗಿಲ ಚಿಲಕ ಹಾಕಿ ಬಂದು ಇನ್ನೊಮ್ಮೆ ನೋಡಿದಳು. ಅಳು ಬರಬಹುದು ಎಂದುಕೊಂಡಳು. ಬರಲಿಲ್ಲ. ಆಮೇಲೆ ಕಿಟಕಿ ತೆರೆದು ಕೆಲಸಕ್ಕೆ ಕೂತಳು.

ತಮ್ಮನ ಹೆಂಡತಿ ತಿರುಗಿ ಬಂದಾಗ ಕೋಣೆಯ ತುಂಬ ಬಣ್ಣ ಕರಗಿಸುವ ಥಿನ್ನರಿನ ವಾಸನೆ. ಮಗಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಬಂದಳು.

ಅಕ್ಕ ಫೋರ್ಕನ್ನು ಬುಡಮೇಲು ಮಾಡಿ ಹಿಡಿದಳು. ಬಲಗಾಲಿನ ಬೋಲ್ಟಿನ ಮೇಲೆ ಹಳದಿ ಗೆರೆ ನೆಟ್ಟಗಿತ್ತು. ಎಡಗಾಲಿನ ಬೋಲ್ಟು ಬೋಳಾಗಿತ್ತು.

"ಇದಕ್ಕೆ ಗೆರೆ ಇಲ್ಲ," ಎಂದಳು ತಮ್ಮನ ಹೆಂಡತಿ.

"ಬಿಗಿ ಮಾಡಿದ್ರೆ ತಾನೆ ಗೆರೆ ಎಳೆಯೋದು. ಮುಟ್ಟಿ ನೋಡು."

ಅವಳು ಮುಟ್ಟಿದಳು. ಬೋಲ್ಟು ಬೆರಳಲ್ಲೇ ತಿರುಗಿತು. ಒಂದು ಸುತ್ತು, ಇನ್ನೊಂದು ಸುತ್ತು.

"ಮರೆತಿದ್ದೀನಿ," ಎಂದಳು ಅಕ್ಕ. ದನಿಯಲ್ಲಿ ಏರಿಳಿತವಿರಲಿಲ್ಲ. "ಕಾಲು ಕಳಚ್ಕೊಂಡಿದೆ. ಅವನು ತಿರುಗಿಸೋಕೆ ನೋಡಿದಾನೆ, ಸೈಕಲ್ ತಿರುಗಿಲ್ಲ. ಮನೆಗೇ ಬರ್ತಿದ್ದ ಅವನು."

"ಬರ್ತಿದ್ರು," ಎಂದಳು ತಮ್ಮನ ಹೆಂಡತಿ. ಇದ್ದಲ್ಲೇ ಕುಸಿದು ಕೂತು ಅತ್ತಳು. ಗಂಡ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು ಮುಖ ಒರೆಸಿಕೊಂಡಾಗ ಅವಳ ಕಣ್ಣು ಬೇರೆಯಾಗಿತ್ತು.

"ಊರವರ ಮೊಣಕಾಲೆಲ್ಲ ರಿಪೇರಿ ಮಾಡಿದ್ರಿ. ಒಡಹುಟ್ಟಿದವನದು ಮರೆತ್ರಿ." ಅವಳು ದನಿ ಎತ್ತಲಿಲ್ಲ. "ಇವತ್ತಿಗೆ ನಮ್ಮ ನಿಮ್ಮ ಋಣ ತೀರ್ತು, ಅತ್ತಿಗೆ. ನಮ್ಮ ಬಾಗಿಲಿಗೆ ಬರ್ಬೇಡಿ. ಮಗಳನ್ನೂ ಮಾತಾಡಿಸ್ಬೇಡಿ."

"ಆಯ್ತು."

ಹೊರಗೆ ಮಗಳು ತನ್ನ ತಿಂಡಿ ಡಬ್ಬಿಯನ್ನು ಅಮ್ಮನ ಮುಂದೆ ಚಾಚಿದಳು. ತಾಯಿ ಉಳಿದಿದ್ದ ಬ್ರೆಡ್ಡಿನ ಚೂರನ್ನು ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ನಡೆದಳು. ಮಗು ಹಿಂದೆ ತಿರುಗಿ ಅತ್ತೆಯ ಕಿಟಕಿಗೆ ಕೈ ಬೀಸಿತು. ತಾಯಿ ಅದರ ಕೈ ಹಿಡಿದು ಎಳೆದುಕೊಂಡಳು.

ಇಬ್ಬರೂ ಬೀದಿಯ ಕೊನೆ ದಾಟುವವರೆಗೂ ಅಕ್ಕ ನೋಡಿದಳು. ನಂತರ ಏಪ್ರನ್ನಿನ ಜೇಬಿನಿಂದ ಇನ್ನೂ ಒದ್ದೆಯಿದ್ದ ಬಟ್ಟೆಯ ಚೂರನ್ನು ತೆಗೆದು, ಉಗುರಿನ ಸಂದಿಯಲ್ಲಿ ಉಳಿದಿದ್ದ ಹಳದಿಯನ್ನೂ ಒರೆಸಿದಳು.

ಮಣ್ಣು ಕೆರೆದಾಗ ಎಡಗಾಲಿನ ಗೆರೆಯೂ ಬಲಗಾಲಿನದರಷ್ಟೇ ನೆಟ್ಟಗಿತ್ತು.