ಮೊದಲ ಅರ್ಚನೆ ಯಾರಿಗೆ?

"ಮೊದಲು ನಿಮ್ಮ ದೊರೆ ಯಾರು ಹೇಳಿ" ಎಂದು ಅರ್ಚಕ ತಿರುನಾರಾಯಣರು ತುಳಸಿ ಹಿಡಿದು ಕೇಳಿದ್ದೇ ತಪ್ಪಾಯಿತು. ಗರ್ಭಗುಡಿಯ ಮುಂದೆ ಕೈಮುಗಿದು ನಿಂತಿದ್ದ ಆಸ್ಟ್ರೇಲಿಯಾದ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೊಳೆನರಸೀಪುರದ ಆ ಪುಟ್ಟ ಗುಡಿಯಲ್ಲಿರುವುದು ಅಂಬೆಗಾಲಿನ ಕೃಷ್ಣ. ಮಕ್ಕಳಿಲ್ಲದವರು ಬಂದು ಸಂಕಲ್ಪ ಮಾಡಿಸುತ್ತಾರೆ. ಇದು 1999ರ ಮಾತು; ಗ್ರೆಗ್, ಮೋರೀನರಿಗೆ ಮದುವೆಯಾಗಿ ಆಗ ಹನ್ನೊಂದು ವರ್ಷ. ಇಬ್ಬರೂ ಆಸೆ ಬಿಟ್ಟಿರಲಿಲ್ಲ. ಹಾಸನದಿಂದ ಹಳೇಬೀಡಿಗೆ ಕರೆದೊಯ್ದಿದ್ದ ಟ್ಯಾಕ್ಸಿಯ ದೇವಯ್ಯ ವಿಷಯ ತಿಳಿದು ಮರುದಿನ ಗಾಡಿಯನ್ನು ಇತ್ತ ತಿರುಗಿಸಿದ್ದ. ಅವನೇ ದುಭಾಷಿ. ಅವನ ಇಂಗ್ಲಿಷು ಹರಕುಮುರುಕಾದರೂ ಜಗಳ ತಂದಿಡಲು ಸಾಕಾಗುವಷ್ಟಿತ್ತು.

ಅಲ್ಲಿ ಮೊದಲ ಅರ್ಚನೆ ನಾಡನ್ನಾಳುವವರ ಹೆಸರಿಗೆ, ಆಮೇಲೆ ಭಕ್ತರ ಹೆಸರಿಗೆ. ತಿರುನಾರಾಯಣರ ತಾತನ ಕಾಲದಿಂದ ಬಂದ ಪದ್ಧತಿ.

"ಇಂಗ್ಲೆಂಡಿನ ರಾಣಿ ಅಂತಾವ್ನೆ ಅಯ್ನೋರೆ" ಎಂದ ದೇವಯ್ಯ.

"ಇವರದ್ದು ಆಸ್ಟ್ರೇಲಿಯಾ ಅಂದೆಯಲ್ಲಯ್ಯಾ?"

"ದೇಸ ಒಂದ್ಕಡೆ, ರಾಣಿ ಒಂದ್ಕಡೆ. ಅಂಗೇ ನಡ್ಕಂಡು ಬಂದೈತಂತೆ."

"ಆಗಲಿ. ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ" ಎಂದು ಇಂಗ್ಲೆಂಡಿನ ರಾಣಿಯನ್ನು ಕಾಶ್ಯಪರ ವಂಶಕ್ಕೆ ಸೇರಿಸಿ ಅವರು ಮಂತ್ರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೋರೀನ್ ಗಂಡನ ಮೇಲೆ ಎಗರಿಬಿದ್ದಳು.

"ಬರೋ ಸನಿವಾರ ಅವ್ರ ದೇಸದಲ್ಲಿ ರಾಣಿ ಬೇಕಾ ಬ್ಯಾಡ್ವಾ ಅಂತ ಓಟಂತೆ ಸ್ವಾಮಿ. ಬ್ಯಾಡ ಅಂತ್ಲೇ ಬರ್ದು ಇಬ್ರೂ ಟಪಾಲಿಗೆ ಆಕ್ಬುಟ್ಟು ಬಂದೋ ಅಂತ ಈವಮ್ಮ ತಿಳ್ಕಂಡಿದ್ಲು. ಆವಯ್ಯ ದ್ಯಾವ್ರ ಮುಂದೆ ಸುಳ್ಳೇಳಕಾಗ್ದೆ, ನಾನು ಬೇಕು ಅಂತ್ಲೇ ಆಕಿದ್ದೆ ಅಂತ ಬಾಯ್ಬುಟ್ಬುಟ್ಟ!"

ಎರಡು ಕಂಬಳಿ ಕದ್ದನೆಂದು ಮೋರೀನಳ ವಂಶದ ಹಿರಿಯನೊಬ್ಬನನ್ನು ಹಡಗು ಹತ್ತಿಸಿ ಆ ದೇಶಕ್ಕೆ ಅಟ್ಟಿದ್ದು ಇದೇ ರಾಣಿಯ ಮನೆತನವಂತೆ. ಗ್ರೆಗ್‌ನ ತಾತ ಅದೇ ಮನೆತನಕ್ಕಾಗಿ ಯುದ್ಧಕ್ಕೆ ಹೋಗಿ ಒಂದು ಕಾಲು ಬಿಟ್ಟು ಬಂದವನಂತೆ. ಕಂಬಳಿಗೂ ಕಾಲಿಗೂ ಜಗಳ ಹತ್ತಿಕೊಂಡಿತು. ಕೊನೆಗೆ ಮೋರೀನ್ ಕಣ್ಣಲ್ಲಿ ನೀರು ತಂದುಕೊಂಡು, ಆ ರಾಣಿಯ ಪ್ರಜೆಯಾಗಿ ಹುಟ್ಟುವುದಾದರೆ ನನ್ನ ಮಗು ಹುಟ್ಟುವುದೇ ಬೇಡ ಎಂದುಬಿಟ್ಟಳು.

ದೇವಯ್ಯ ಅದನ್ನೂ ಬಿಡದೆ ಕನ್ನಡಕ್ಕೆ ತಂದ. ತಿರುನಾರಾಯಣರು ಥಟ್ಟನೆ ವಿಗ್ರಹದ ಕಡೆ ನೋಡಿದರು. ಕೃಷ್ಣನ ಮುಂದೆ ಆಡುವ ಮಾತೇ ಇದು? ಅಸ್ತು ದೇವತೆಗಳು ತಥಾಸ್ತು ಅಂದುಬಿಟ್ಟರೆ ಗತಿಯೇನು? ಸಂಕಲ್ಪಕ್ಕೆಂದು ಎತ್ತಿಕೊಂಡ ತುಳಸಿಯನ್ನು ತಟ್ಟೆಗೆ ವಾಪಸು ಹಾಕುವಂತಿಲ್ಲ, ಹೆಸರಿಲ್ಲದೆ ದೇವರ ಪಾದಕ್ಕೂ ಹಾಕುವಂತಿಲ್ಲ. ತಮ್ಮ ದೆಸೆಯಿಂದಲೇ ಒಂದು ಮಗು ಹುಟ್ಟದೆ ಹೋಗುತ್ತದಲ್ಲಾ ಎಂದು ಅವರಿಗೆ ನಿಜವಾಗಿಯೂ ಸಂಕಟವಾಯಿತು.

"ಕೂಗಾಡಬೇಡಿ ಅನ್ನಯ್ಯಾ ಅವರಿಗೆ. ದೊರೆ ಅಂದಮೇಲೆ ಎಲ್ಲರಿಗೂ ಒಬ್ಬ ಇರಲೇಬೇಕು."

"ಅಂಗಾರೆ ನಿಮ್ಮ ದೊರೆ ಯಾರು ಅಂತ ಕೇಳ್ತಾವ್ಳೆ."

"ಮೈಸೂರು ಮಹಾರಾಜರು. ದಿನಾ ಮೊದಲ ಅರ್ಚನೆ ಅವರ ಹೆಸರಿಗೇ" ಎಂದರು ತಿರುನಾರಾಯಣರು, ಬೆನ್ನು ನೆಟ್ಟಗೆ ಮಾಡಿಕೊಂಡು. ದೇವಯ್ಯ ಅದನ್ನು ಇಂಗ್ಲಿಷಿಗೆ ದಾಟಿಸಿ, ತನ್ನ ಕಡೆಯಿಂದಲೂ ಒಂದಿಷ್ಟು ಸೇರಿಸಿದ: "ನೋ ಕಿಂಗ್, ಮೇಡಂ. ಫಿನಿಶ್. ಫಿಫ್ಟಿ ಇಯರ್ಸ್."

ಮತ್ತೆ ದಿನಾ ಅವರ ಹೆಸರಿಗೆ ಅರ್ಚನೆ ಯಾಕೆ ಎಂದಳು ಮೋರೀನ್. ಮೂವತ್ತು ವರ್ಷದಿಂದ ಅರ್ಚನೆ ಮಾಡುತ್ತಿದ್ದ ತಿರುನಾರಾಯಣರಿಗೆ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. "ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲವಲ್ಲ" ಎಂದರು.

ಮೋರೀನಳಿಗೆ ನಗು ತಡೆಯಲಾಗಲಿಲ್ಲ. ಇಷ್ಟೇ ಆದರೆ ರಾಣಿಯ ಹೆಸರನ್ನೇ ಹೇಳಲಿ, ನನ್ನ ಅಡ್ಡಿಯೇನೂ ಇಲ್ಲ ಎಂದಳು. ಈಗ ಗ್ರೆಗ್‌ನ ಮುಖ ಸಪ್ಪಗಾಯಿತು. ತನ್ನ ರಾಣಿಯೂ ಎಂದೋ ಹೋಗಿಯಾಗಿದೆ, ನಿಲ್ಲಿಸಿ ಎಂದು ಯಾರೂ ಹೇಳಿಲ್ಲ ಅಷ್ಟೇ ಅನ್ನುವ ಅರ್ಥದಲ್ಲಾದರೆ ಅವಳ ಹೆಸರು ಬೇಡವೇ ಬೇಡ ಎಂದು ಅವನು ಹಟ ಹಿಡಿದ. ಬೇಡ ಅಂದವಳು ಹೇಳಿ ಅನ್ನುತ್ತಾಳೆ, ಬೇಕು ಅಂದವನು ಬೇಡ ಅನ್ನುತ್ತಾನೆ!

"ಎಂಗಾರಾ ಮಾಡಿ ಮುಗಿಸ್ಬುಡಿ ಅಯ್ನೋರೆ. ತುಳಸಿ ಬಾಡೋಯ್ತಾ ಐತೆ" ಎಂದ ದೇವಯ್ಯ.

ತಿರುನಾರಾಯಣರು ಕೃಷ್ಣನ ಕಡೆ ತಿರುಗಿ ಕಣ್ಣು ಮುಚ್ಚಿದರು. ಸಂಕಲ್ಪ ಸರಾಗವಾಗಿ ಹೊರಟಿತು. ದೊರೆಯ ಹೆಸರು ಬರಬೇಕಾದ ಕಡೆ ಅವರು ಗಟ್ಟಿಯಾಗಿ ಒಂದು ಸಲ ಕೆಮ್ಮಿ, ಹಾಗೇ ಮುಂದಕ್ಕೆ ಹೋಗಿ ಸಂತಾನಪ್ರಾಪ್ತಿಗೆ ಬಂದು, ತುಳಸಿಯನ್ನು ಪಾದಕ್ಕೆ ಹಾಕಿಬಿಟ್ಟರು. ಗಂಡ ಹೆಂಡತಿ ಒಟ್ಟಿಗೆ ತಲೆ ಬಾಗಿಸಿದರು. ಪ್ರಸಾದದ ಬಾಳೆಹಣ್ಣಿಗೆ ಸೆರಗು ಒಡ್ಡಲು ಸೆರಗಿಲ್ಲದೆ ಮೋರೀನ್ ಟೋಪಿಯನ್ನೇ ಒಡ್ಡಿದಳು.

ಮರುದಿನ ಬೆಳಿಗ್ಗೆ ಗುಡಿಯಲ್ಲಿ ತಿರುನಾರಾಯಣರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಮಹಾರಾಜರ ಹೆಸರು ಬರುವ ಕಡೆ ಅವರಿಗೆ ಕೆಮ್ಮು ಬಂತು.