ಮೊಲದ ಮೊಣಕಾಲು

ಜೋಗಿಮಟ್ಟಿಯಲ್ಲಿ ಹಿಮ ಬೀಳತೊಡಗಿ, ಇದ್ದ ಮೊಲಗಳೆಲ್ಲ ಸತ್ತ ಮೇಲೆ, ಓಬಯ್ಯನಿಗೆ ಮೊಲದ ಕೆಲಸ ಸಿಕ್ಕಿತು. ಹಿಮದ ಹಿಂದೆಯೇ ಬಂದು ನೆಲೆಸಿದ ಲಿಂಕ್ಸ್ ಎಂಬ ಕಾಡುಬೆಕ್ಕುಗಳು ಇಲಿ, ಕೋಳಿ ಏನಿಟ್ಟರೂ ಮೂಸುತ್ತಿರಲಿಲ್ಲ. ಅವಕ್ಕೆ ಮೊಲವೇ ಬೇಕು, ಅದೂ ಕಣ್ಣೆದುರು ಓಡಬೇಕು. ಹಾಗಾಗಿ ಓಬಯ್ಯ ದಿನಾ ಮುಂಜಾನೆ ಬಿಳಿ ತುಪ್ಪಳದ ಅಂಗಿ ತೊಟ್ಟು, ಬೆನ್ನಿಗೆ ಮಾಂಸದ ಚೀಲ ಕಟ್ಟಿಕೊಂಡು ಓಡುತ್ತಿದ್ದ. ಬೆಕ್ಕು ಹತ್ತಿರ ಬಂದಾಗ ಚೀಲ ಕಳಚಿ ಬೇಲಿ ಹಾರುತ್ತಿದ್ದ.

ಈಗ ಅವನ ಮೊಣಕಾಲು ಹಿಡಿದುಕೊಂಡಿದೆ. ಹೆಂಡತಿ ಬೋರಕ್ಕ ಎಣ್ಣೆ ತಿಕ್ಕುತ್ತಿದ್ದಾಗ ಈ ಕೆಲಸ ಕೊಟ್ಟಿದ್ದ ಅರಣ್ಯ ಇಲಾಖೆಯ ಸಾಹೇಬರು ಹಾರ ಹಿಡಿದು ಮನೆಗೇ ಬಂದರು.

"ಸಾಮಿ, ನಿನ್ನೆ ಬೆಕ್ಕು ಅಂಗಿ ಜೊತಿಗೆ ಬೆನ್ನೂ ಹರ್ದೈತೆ. ಇವ್ನಿಗೆ ಇನ್ನು ಓಡಾಕಾಗಲ್ಲ, ಬಿಟ್ಬಿಡ್ರಿ," ಎಂದಳು ಬೋರಕ್ಕ.

"ಏನಮ್ಮ ಹಿಂಗಂತೀಯ? ಓಬಯ್ಯ ಕುಂಟೋಕೆ ಶುರು ಮಾಡಿದ್ಮೇಲೇ ಬೆಕ್ಕುಗಳು ಹೊಟ್ಟೆ ತುಂಬ ತಿಂತಿರೋದು. ಚೆನ್ನಾಗಿ ಓಡೋ ಮೊಲ ಅವಕ್ಕೆ ಬೇಜಾರು. ಇವನಿಗಿಂತ ಚೆನ್ನಾಗಿ ಕುಂಟೋರು ಸಿಗೋ ತನಕ ಬಿಡೋಕಾಗಲ್ಲ."

ಕೊರಳಿಗೆ ಹಾರ ಬಿದ್ದದ್ದೇ ತಡ, ಓಬಯ್ಯನ ಮುಖ ಅರಳಿತು. "ಕೇಳ್ದೇನೇ? ನಾನಂದ್ರೆ ಅವಕ್ಕೆ ಪ್ರಾಣ!"

"ಅದೇ ಕಣಯ್ಯ ನನ್ನ ಭಯ," ಎಂದಳು ಬೋರಕ್ಕ.

ಸಾಹೇಬರು ಚಹಾ ಕುಡಿದೆದ್ದರು. "ಎಣ್ಣೆ ಮಾತ್ರ ಹಚ್ಬೇಡಮ್ಮ, ಕಾಲು ವಾಸಿಯಾಗ್ಬಿಟ್ಟೀತು."

"ಆಗ್ಲಿ ಸಾಮಿ, ಇವ್ನಿಗೆ ಹಚ್ಚಲ್ಲ," ಎಂದು ಬೋರಕ್ಕ ಬಟ್ಟಲೆತ್ತಿಕೊಂಡು ಅವರಿಗಿಂತ ಮೊದಲೇ ಬಾಗಿಲಿಗೆ ಹೋದಳು. ಉಳಿದ ಎಣ್ಣೆಯನ್ನೆಲ್ಲ ಹೊರಗಿನ ಕಲ್ಲುಮೆಟ್ಟಿಲ ಮೇಲೆ ಸುರಿದು, ಪಕ್ಕಕ್ಕೆ ಸರಿದು ನಿಂತು, "ಹೋಗ್ಬನ್ನಿ ಸಾಮಿ," ಎಂದಳು.